12×36 ಪಿಎಸ್‌ಡಿ ಬಿಚ್ಚಿ ನೋಡಿ ಡಿಸೈನ್ ಕಲಿಯಬಹುದಾ?

ತೆಂಗಿನಗರಿ · ಭಾನುವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನಾನು ತಿಪಟೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ಎಂಟು ತಿಂಗಳಾಯಿತು. ಕೆಲಸ ಅಂದರೆ ಆಲ್ಬಂ. ಓನರ್ ಹತ್ತಿರ ಒಂದು ಹಾರ್ಡ್‌ಡಿಸ್ಕ್ ತುಂಬ 12×36 ಇಂಚಿನ ಪಿಎಸ್‌ಡಿಗಳಿವೆ, ಅಂದರೆ ಫೋಟೋಶಾಪ್‌ನ ರೆಡಿಮೇಡ್ ಡಿಸೈನ್ ಫೈಲ್‌ಗಳು. ಒಂದನ್ನು ತೆಗೆಯುವುದು, ಅದರಲ್ಲಿರುವ ಜೋಡಿಯ ಫೋಟೋ ಕಿತ್ತು ನಮ್ಮ ಮದುವೆಯ ಫೋಟೋ ಕೂರಿಸುವುದು, ಹೆಸರು ಬದಲಾಯಿಸುವುದು, ಜೆಪೆಗ್ ಮಾಡಿ ಲ್ಯಾಬ್‌ಗೆ ಕಳಿಸುವುದು. ದಿನಕ್ಕೆ 30 ಶೀಟ್ ಆರಾಮಾಗಿ ಮುಗಿಸುತ್ತೇನೆ.

ಹೋದ ವಾರ ಅಕ್ಕನ ಮಗುವಿನ ನಾಮಕರಣಕ್ಕೆ ಒಂದು ಕಾರ್ಡ್ ಮಾಡಿಕೊಡು ಅಂತ ಭಾವ ಹೇಳಿದರು. ಖಾಲಿ ಪೇಜ್ ತೆಗೆದು ಒಂದು ಗಂಟೆ ಕೂತೆ. ಹಿನ್ನೆಲೆಗೆ ಗ್ರೇಡಿಯಂಟ್ ಎಳೆದೆ, ಅಳಿಸಿದೆ. ತೊಟ್ಟಿಲಿನ ಚಿತ್ರ ತಂದೆ, ಅಳಿಸಿದೆ. ಕೊನೆಗೆ ಯಾವುದೋ ಹಳೇ ಪಿಎಸ್‌ಡಿಯಲ್ಲೇ ಹೆಸರು ಬದಲಾಯಿಸಿ ಕೊಟ್ಟೆ. ಭಾವ ಚೆನ್ನಾಗಿದೆ ಅಂದರು. ನನಗೆ ಮಾತ್ರ ನಾಚಿಕೆಯಾಯಿತು.

ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡುವಷ್ಟು ದುಡ್ಡಿಲ್ಲ, ರಜೆಯೂ ಸಿಗಲ್ಲ. ಈ ಪಿಎಸ್‌ಡಿಗಳನ್ನೇ ನೋಡಿ ಕಲಿಯಬಹುದಾ? ಎಂಟು ತಿಂಗಳಿಂದ ದಿನಾ ನೋಡುತ್ತಿದ್ದೇನೆ, ಏನೂ ಬಂದಿಲ್ಲ. ನೋಡುವ ರೀತಿಯೇ ತಪ್ಪಾ?


ದಿಢೀರ್ ದೋಸೆ · ಭಾನುವಾರ, ರಾತ್ರಿ 10:58

ಟೆಂಪ್ಲೇಟ್ ನೋಡಿ ಡಿಸೈನ್ ಕಲಿಯೋದು ಅಂದರೆ ರೆಡಿಮಿಕ್ಸ್ ಪ್ಯಾಕೆಟ್ ಕತ್ತರಿಸಿ ಅಡುಗೆ ಕಲಿತ ಹಾಗೆ. ನನ್ನ ಹೆಸರೇ ದಿಢೀರ್ ದೋಸೆ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಹೇಳಿ.


ಮಸಿಕುಡಿಕೆ · ಭಾನುವಾರ, ರಾತ್ರಿ 11:35

ದೋಸೆಯವರೇ, ಪ್ಯಾಕೆಟ್ ಮೇಲೆ ಹಿಟ್ಟು ಮಾಡಿದ ಬಗೆಯನ್ನು ಬಿಡಿಸಿ ಬರೆದಿರಲ್ಲ. ಪಿಎಸ್‌ಡಿ ಒಳಗೆ ಇರುತ್ತೆ. ಅಪಾಸಿಟಿ, ಅಂದರೆ ಚಿತ್ರ ಎಷ್ಟು ಗಟ್ಟಿಯಾಗಿ ಕಾಣಬೇಕು ಅನ್ನೋದು, 18 ಅಂದರೆ 18. ನೆರಳು 7 ಪಿಕ್ಸೆಲ್ ಅಂದರೆ 7. ಯಾವ ಮೇಷ್ಟ್ರೂ ಇಷ್ಟು ಬಿಚ್ಚಿ ಹೇಳಲ್ಲ.

ತೆಂಗಿನಗರಿ, ಎಂಟು ತಿಂಗಳು ನೀವು ನೋಡಿದ್ದು ಫೋಟೋ ಕೂರಿಸುವ ಕಿಂಡಿಯನ್ನು ಮಾತ್ರ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಎರಡು ವರ್ಷ ಅದೇ ಕೆಲಸ ಮಾಡಿದವಳು. ಈಗ ಒಂದು ಪ್ರಕಾಶನದಲ್ಲಿ ಪುಸ್ತಕದ ಮುಖಪುಟ ಮಾಡುತ್ತೇನೆ.

ಹೀಗೆ ಮಾಡಿ ನೋಡಿ. ನಿಮಗೆ ಇಷ್ಟವಾದ ಒಂದೇ ಒಂದು ಶೀಟ್ ಆರಿಸಿ. ಹತ್ತು ಬೇಡ. ಅದರ ಜೆಪೆಗ್ ಮಾತ್ರ ನೋಡಿ, ಪಿಎಸ್‌ಡಿ ಮುಟ್ಟಬೇಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಊಹೆ ಮಾಡಿ ಬರೆಯಿರಿ. ತಳದಲ್ಲಿ ಏನಿದೆ? ಅದರ ಮೇಲೆ ಏನು? ಈ ನೆರಳು ಎಲ್ಲಿಂದ ಬಂತು? ಈ ಹೂವು ಇಷ್ಟು ಮಂಕಾಗಿ ಕಾಣೋದು ಯಾಕೆ? ಬರೆದಾದ ಮೇಲೆ ಪಿಎಸ್‌ಡಿ ತೆರೆಯಿರಿ. ಊಹೆ ಎಲ್ಲಿ ತಪ್ಪಾಗಿದೆಯೋ ಅಲ್ಲಿ ನಿಮಗೆ ಪಾಠ ಇದೆ. ಊಹೆ ಮಾಡದೆ ತೆರೆದರೆ ಎಲ್ಲವೂ "ಓ, ಹೌದಲ್ವಾ" ಅನಿಸುತ್ತೆ. ಮಾರನೇ ದಿನ ಒಂದೂ ನೆನಪಿರಲ್ಲ.

ತೆರೆದ ಮೇಲೆ ಲೇಯರ್‌ಗಳ, ಅಂದರೆ ಒಂದರ ಮೇಲೊಂದು ಇಟ್ಟ ಪದರಗಳ ಪಟ್ಟಿ ಕಾಣುತ್ತೆ. ತಳದ ಲೇಯರ್‌ನ ಕಣ್ಣಿನ ಗುರುತಿನ ಮೇಲೆ ಆಲ್ಟ್ ಒತ್ತಿ ಕ್ಲಿಕ್ ಮಾಡಿ. ಉಳಿದದ್ದೆಲ್ಲ ಮಾಯವಾಗಿ ಅದೊಂದೇ ಉಳಿಯುತ್ತೆ. ಅಲ್ಲಿಂದ ಒಂದೊಂದೇ ಕಣ್ಣು ತೆರೆಸುತ್ತ ಮೇಲೆ ಬನ್ನಿ. ಮಾಸ್ಕ್ (ಲೇಯರ್‌ನ ಒಂದು ಭಾಗ ಮುಚ್ಚಿಡುವ ಪರದೆ) ಇದ್ದರೆ ಅದರ ಪುಟ್ಟ ಚಿತ್ರದ ಮೇಲೂ ಆಲ್ಟ್ ಕ್ಲಿಕ್ ಮಾಡಿ. ಮಾಸ್ಕ್ ಪೂರ್ತಿ ಕಪ್ಪು ಬಿಳುಪಿನಲ್ಲಿ ಕಾಣುತ್ತೆ. ಅಂಚನ್ನು ಎಷ್ಟು ಮೆತ್ತಗೆ ಬಿಟ್ಟಿದ್ದಾರೆ ಅಂತ ಅಲ್ಲೇ ಗೊತ್ತಾಗೋದು. ಶಿಫ್ಟ್ ಕ್ಲಿಕ್ ಮಾಡಿದರೆ ಮಾಸ್ಕ್ ಆಫ್ ಆಗಿ, ಮುಚ್ಚಿಟ್ಟಿದ್ದ ಭಾಗ ಈಚೆ ಬರುತ್ತೆ. ಎಫ್ಎಕ್ಸ್ (ಎಫೆಕ್ಟ್) ಅಂತ ಇರುವ ಕಡೆ ರೈಟ್ ಕ್ಲಿಕ್ ಮಾಡಿ ಕ್ರಿಯೇಟ್ ಲೇಯರ್ಸ್ ಕೊಡಿ. ನೆರಳು, ಹೊಳಪು ಎಲ್ಲ ಬೇರೆ ಬೇರೆ ಲೇಯರ್ ಆಗಿ ಉದುರಿ ಬೀಳುತ್ತವೆ. ಕಾಪಿ ಫೈಲ್‌ನಲ್ಲಿ ಮಾಡಿ, ಓನರ್ ಫೈಲ್ ಕೆಡಿಸಬೇಡಿ!

ಆಮೇಲೆ ಫೈಲ್ ಮುಚ್ಚಿ. ಮಾರನೇ ದಿನ, ನೋಡದೆ, ಖಾಲಿ ಪೇಜ್‌ನಲ್ಲಿ ಅದನ್ನೇ ಮತ್ತೆ ಕಟ್ಟಿ. ಹಾಗೇ ಬರಲ್ಲ. ಎಲ್ಲಿ ಸಿಕ್ಕಿಕೊಂಡಿರೋ ಅಲ್ಲಿ ಮಾತ್ರ ಮತ್ತೆ ತೆರೆದು ನೋಡಿ.

ನಾನು ಉಡುಪಿ ಕಡೆಯವಳು. ಚಿಕ್ಕವಳಿದ್ದಾಗ ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋದರೆ ನಾನು ಇರುತ್ತಿದ್ದದ್ದು ವೇಷ ಕಟ್ಟುವ ಚೌಕಿಯಲ್ಲೇ. ಬಣ್ಣದ ವೇಷದವರು ಅಕ್ಕಿ ಹಿಟ್ಟು ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ ಇಡುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಚುಕ್ಕಿ ಮೇಲೆ ಚುಕ್ಕಿ, ಗಂಟೆಗಟ್ಟಲೆ. ರಂಗಸ್ಥಳಕ್ಕೆ ಬಂದಾಗ ಎಲ್ಲರೂ ಹೆದರುತ್ತಿದ್ದರು, ನನಗೆ ಮಾತ್ರ ಯಾವ ಚುಕ್ಕಿ ಯಾವಾಗ ಬಂತು ಅನ್ನುವ ಲೆಕ್ಕ. ಲೇಯರ್ ಪಟ್ಟಿ ನೋಡಿದಾಗಲೆಲ್ಲ ಅದೇ ನೆನಪಾಗುತ್ತೆ.


ತೆಂಗಿನಗರಿ · ಸೋಮವಾರ, ರಾತ್ರಿ 9:50

ಮೇಡಂ, ತುಂಬ ಥ್ಯಾಂಕ್ಸ್. ಇವತ್ತು ಶುರು ಮಾಡಿದೆ. ಆಗಲೇ ಒಂದು ಕಡೆ ಸಿಕ್ಕಿಕೊಂಡೆ.

ಒಂದು ಲೇಯರ್‌ನಲ್ಲಿ ಹೂವಿನ ಬಳ್ಳಿ ಇದೆ. ಆಲ್ಟ್ ಕ್ಲಿಕ್ ಮಾಡಿ ಒಂಟಿಯಾಗಿ ನೋಡಿದರೆ ದೊಡ್ಡ ಬಿಳಿ ಡಬ್ಬದ ಒಳಗೆ ಬಳ್ಳಿ. ಎಲ್ಲ ಆನ್ ಮಾಡಿದರೆ ಬಿಳಿ ಇಲ್ಲವೇ ಇಲ್ಲ! ಯಾರೂ ಕಟ್ ಮಾಡಿಲ್ಲ, ಮಾಸ್ಕ್ ಕೂಡ ಇಲ್ಲ. ಬಿಳಿ ಎಲ್ಲಿಗೆ ಹೋಯಿತು?

ಇನ್ನೊಂದು, ಮನೆಯಲ್ಲಿರುವ ಲ್ಯಾಪ್‌ಟಾಪ್‌ನಲ್ಲಿ ಫೋಟೋಶಾಪ್ ಇಲ್ಲ. ಏನು ಮಾಡಲಿ?


ಮಸಿಕುಡಿಕೆ · ಸೋಮವಾರ, ರಾತ್ರಿ 10:20

ಲೇಯರ್ ಪಟ್ಟಿಯ ಮೇಲ್ಗಡೆ ಮಲ್ಟಿಪ್ಲೈ ಅಂತ ಇರಬೇಕು, ನೋಡಿ. ಲೇಯರ್ ಕೆಳಗಿನದರ ಜೊತೆ ಬೆರೆಯುವ ಒಂದು ರೀತಿ, ಅಂದರೆ ಮೋಡ್, ಅದು. ಹೆಸರೇ ಹೇಳುವ ಹಾಗೆ ಅದು ಗುಣಾಕಾರ. ಕಂಪ್ಯೂಟರ್‌ಗೆ ಬಿಳಿ ಅಂದರೆ 255, ಕಪ್ಪು ಅಂದರೆ 0. ಮೇಲಿನ ಲೇಯರ್‌ನ ಅಂಕಿಯನ್ನು ಕೆಳಗಿನದರ ಜೊತೆ ಗುಣಿಸಿ 255ರಿಂದ ಭಾಗಿಸುತ್ತೆ. ನಿಮ್ಮ ಕಾಗದದ ಹಿನ್ನೆಲೆ 200 ಅಂದುಕೊಳ್ಳಿ. ಅದರ ಮೇಲೆ ಬಿಳಿ ಬಂದರೆ 200 ಗುಣಿಸು 255, ಭಾಗಿಸು 255. ಮತ್ತೆ 200. ಅಂದರೆ ಬಿಳಿ ಬಂದದ್ದೇ ಲೆಕ್ಕಕ್ಕಿಲ್ಲ. ಬಳ್ಳಿಯ ಗೆರೆ 128 ಇದ್ದರೆ ಸುಮಾರು 100 ಆಗುತ್ತೆ. ಕಾಗದದ ಮೇಲೆ ಮಸಿ ಇಳಿದ ಹಾಗೆ ಕಾಣುತ್ತೆ. ನೆರಳುಗಳಿಗೆ ಇದೇ ಮೋಡ್ ಹಾಕುವುದು ಅದಕ್ಕೇ.

ಸ್ಕ್ರೀನ್ ಅನ್ನೋ ಮೋಡ್ ಇದರ ಉಲ್ಟಾ. ಅಲ್ಲಿ ಕಪ್ಪು ಮಾಯ. ದೀಪದ ಬೆಳಕು, ಹೊಗೆ, ಪಟಾಕಿ ಕಿಡಿ ಇವೆಲ್ಲ ಕಪ್ಪು ಹಿನ್ನೆಲೆಯಲ್ಲಿ ಸಿಗುತ್ತವಲ್ಲ, ಅದಕ್ಕೆ. ಇನ್ನು ಪೂರ್ತಿ ಬೂದು ಬಣ್ಣ ತುಂಬಿದ ಲೇಯರ್ ಓವರ್‌ಲೇ ಮೋಡ್‌ನಲ್ಲಿ ಇದ್ದರೆ ಏನೋ ತಪ್ಪಾಗಿ ಉಳಿದಿದೆ ಅಂತ ಅಳಿಸಬೇಡಿ. ಓವರ್‌ಲೇಯಲ್ಲಿ ನಡು ಬೂದು ಕಾಣಲ್ಲ. ಅದರ ಮೇಲೆ ಕಪ್ಪು ಬಿಳಿ ಬ್ರಶ್ ಆಡಿಸಿ ಮುಖಕ್ಕೆ ಬೆಳಕು ನೆರಳು ಕೊಟ್ಟಿರುತ್ತಾರೆ. ಒಂಟಿಯಾಗಿ ತೆಗೆದು ನೋಡಿ, ಮುಖದ ಒಂದು ದೆವ್ವ ಕಾಣುತ್ತೆ.

ಮನೆಗೆ ಫೋಟೋಪೀ ಸಾಕು. ಬ್ರೌಸರ್‌ನಲ್ಲೇ ಓಡುತ್ತೆ, ಪಿಎಸ್‌ಡಿ ಲೇಯರ್ ಸಮೇತ ತೆರೆಯುತ್ತೆ. ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗಲ್ಲ. ಗಿಂಪ್ ಕೂಡ ಉಚಿತ, ಪಿಎಸ್‌ಡಿ ತೆರೆಯುತ್ತೆ. ಆದರೆ ಅದರಲ್ಲಿ ಅಕ್ಷರಗಳು ಬರೀ ಚಿತ್ರವಾಗಿ ಬರುತ್ತವೆ, ಎಫೆಕ್ಟ್‌ಗಳೂ ಎಲ್ಲ ಹಾಗೇ ಬರಲ್ಲ. ಬಿಚ್ಚಿ ನೋಡಲು ಅದು ಸ್ವಲ್ಪ ಕಷ್ಟ. ಹೊಸದಾಗಿ ಕಟ್ಟಲು ತೊಂದರೆಯಿಲ್ಲ.


ಬೆಟಗೇರಿ ಕಾಕಾ · ಮಂಗಳವಾರ, ಬೆಳಿಗ್ಗೆ 7:15

ತಮ್ಮಾ, ನಾನು ಗದಗ-ಬೆಟಗೇರಿಯ ಆಫ್‌ಸೆಟ್ ಪ್ರೆಸ್‌ಗಳಲ್ಲಿ 30 ವರ್ಷ ಕಳೆದವನು. ಈಗ ಮನೆಯಲ್ಲಿದ್ದೇನೆ, ಮೊಮ್ಮಗಳ ಮೊಬೈಲ್‌ನಲ್ಲಿ ಇದನ್ನೆಲ್ಲ ಓದುತ್ತೇನೆ.

ನಿಮಗೆ ಲೇಯರ್ ಅಂದರೆ ಪರದೆಯ ಬದಿಯಲ್ಲಿ ಕಾಣುವ ಪಟ್ಟಿ. ನಮಗೆ ಅದು ಕೈಯಲ್ಲಿ ಹಿಡಿಯುವ ವಸ್ತು. ಒಂದು ಮಲ್ಟಿಕಲರ್ ಕೆಲಸಕ್ಕೆ ನಾಲ್ಕು ಪಾಸಿಟಿವ್ ಫಿಲ್ಮ್ ಬರುತ್ತಿದ್ದವು. ನೀಲಿಗೊಂದು, ಗುಲಾಬಿಗೊಂದು, ಹಳದಿಗೊಂದು, ಕಪ್ಪಿಗೊಂದು. ತಮಾಷೆ ಏನಂದರೆ ನಾಲ್ಕೂ ಫಿಲ್ಮ್ ಕಪ್ಪೇ. ಯಾವುದು ಯಾವ ಬಣ್ಣ ಅಂತ ಮೂಲೆಯಲ್ಲಿ ಬರೆದಿರಬೇಕು, ಇಲ್ಲಾಂದರೆ ಚುಕ್ಕಿ ನೋಡಿ ಹೇಳಬೇಕು. ಗಾಜಿನ ಮೇಜಿನ ಕೆಳಗೆ ಟ್ಯೂಬ್‌ಲೈಟ್ ಹಚ್ಚಿ, ಒಂದರ ಮೇಲೊಂದು ಇಟ್ಟು, ಪ್ಲಸ್ ಗುರುತುಗಳು ಕೂಡುವ ತನಕ ಸರಿಸಿ ಟೇಪ್ ಹಚ್ಚುತ್ತಿದ್ದೆವು. ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿ ಒಂದು ಕಡೆ, ತುಟಿಯ ಕೆಂಪು ಇನ್ನೊಂದು ಕಡೆ.

ಫೋಟೋಶಾಪ್ 1990ರಲ್ಲಿ ಬಂದಾಗ ಅದರಲ್ಲಿ ಲೇಯರ್ ಇರಲೇ ಇಲ್ಲ. 1994ರಲ್ಲಿ 3.0 ಬಂದಾಗ ಲೇಯರ್ ಬಂತು. ಅದಕ್ಕೂ ಮೊದಲು ಒಂದು ಚಿತ್ರ ತಂದು ಅಂಟಿಸಿ ಸೆಲೆಕ್ಷನ್ ಬಿಟ್ಟರೆ ಮುಗಿಯಿತು, ಗೋಡೆಗೆ ಹಚ್ಚಿದ ಪೋಸ್ಟರ್. ಹಿಂದಕ್ಕೆ ಹೋಗಲು ಒಂದೇ ಹೆಜ್ಜೆ. ಹತ್ತಾರು ಹೆಜ್ಜೆ ಹಿಂದೆ ಹೋಗುವ ಹಿಸ್ಟರಿ 1998ರಲ್ಲಿ 5.0 ಜೊತೆ ಬಂತು. ಈಗಿನ ಹುಡುಗರು ಹಿಂದೆ ಮುಂದೆ ನೋಡದೆ ಕಂಟ್ರೋಲ್-ಝಡ್ ಒತ್ತುವುದು ಕಂಡರೆ ನನಗೆ ಹೊಟ್ಟೆಕಿಚ್ಚು.

ಒಂದು ಮಾತು ನೆನಪಿಡು. ಆಲ್ಬಂ ಲ್ಯಾಬ್‌ನವರು ಆರ್‌ಜಿಬಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದ ಫೈಲ್ ತೆಗೆದುಕೊಳ್ಳುತ್ತಾರೆ, ನಿನಗೆ ತೊಂದರೆ ಇಲ್ಲ. ಕಾರ್ಡ್ ಮಾಡಿ ಆಫ್‌ಸೆಟ್‌ಗೆ ಕೊಟ್ಟರೆ ಕಥೆ ಬೇರೆ. ಒಮ್ಮೆ ಜಾತ್ರೆಯ ಕರಪತ್ರದ ಪಿಎಸ್‌ಡಿ ಬಂತು. ಅಕ್ಷರವೆಲ್ಲ ಆರ್‌ಜಿಬಿ ಕಪ್ಪು. ನಾನೇ ಸಿಎಂವೈಕೆಗೆ, ಅಂದರೆ ಆ ನಾಲ್ಕು ಮಸಿಯ ಲೆಕ್ಕಕ್ಕೆ ಬದಲಿಸಿದೆ, ಅಂಕಿ ನೋಡಲಿಲ್ಲ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಆ ಕಪ್ಪು ಸಿ 75, ಎಂ 68, ವೈ 67, ಕೆ 90 ಆಗುತ್ತದೆ. ಕೂಡಿಸಿದರೆ 300. ತೆಳು ಕಾಗದ, ಸಣ್ಣ ಅಕ್ಷರ, ಒಂದರ ಮೇಲೆ ನಾಲ್ಕು ಮಸಿ. 2000 ಪ್ರತಿ ಹೊರಬಂತು. ಪ್ರತಿ ಅಕ್ಷರಕ್ಕೂ ಒಂದು ಕಡೆ ಕೆಂಪು ಅಂಚು, ಒಂದು ಕಡೆ ನೀಲಿ ಅಂಚು. ದೇವಸ್ಥಾನದ ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಆ ದುಡ್ಡು ನನ್ನ ಪಗಾರದಲ್ಲೇ ಹೋಯಿತು. ಸಣ್ಣ ಅಕ್ಷರಕ್ಕೆ ಕೆ 100, ಉಳಿದ ಮೂರೂ ಸೊನ್ನೆ. ಮತ್ತೆ ಹೇಳುವುದಿಲ್ಲ.


ಫ್ಲೆಕ್ಸ್ ಬಾಸ್ · ಮಂಗಳವಾರ, ಮಧ್ಯಾಹ್ನ 2:05

ಕಾಕಾ ಅವರ ಕಥೆಗೆ ನನ್ನದೂ ಒಂದು ಸೇರಲಿ. ಮೊದಲು ಬೆಂಗಳೂರಿನಲ್ಲಿದ್ದೆ. 2018ರಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಅಲ್ಲಿ ಫ್ಲೆಕ್ಸ್ ಕೆಲಸ ಬಿದ್ದುಹೋಯಿತು, ಊರಿಗೆ ಬಂದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಪ್ರಿಂಟ್ ಅಂದರೆ 300 ಡಿಪಿಐ, ಇಂಚಿಗೆ 300 ಚುಕ್ಕಿ ಅಂತ ತಲೆಗೆ ತುಂಬಿದ್ದರು. 10×8 ಅಡಿ ಬ್ಯಾನರ್. 120 ಇಂಚು, 96 ಇಂಚು, 300 ಡಿಪಿಐ. ಅಂದರೆ 36,000 × 28,800 ಪಿಕ್ಸೆಲ್. ಒಂದು ಲೇಯರ್ ಸರಿಸಿದರೆ ಟೀ ಕುಡಿದು ಬರಬಹುದು. ರಾತ್ರಿಯೆಲ್ಲ ಕೂತು ಮುಗಿಸಿ ಸೇವ್ ಕೊಟ್ಟರೆ ಪಿಎಸ್‌ಡಿ ಆಗುತ್ತಿಲ್ಲ! ಪಿಎಸ್‌ಡಿಗೆ ಒಂದು ಬದಿಗೆ 30,000 ಪಿಕ್ಸೆಲ್ ಮಿತಿ, ಫೈಲ್ ಗಾತ್ರಕ್ಕೆ 2 ಜಿಬಿ ಮಿತಿ. ಅದಕ್ಕಿಂತ ದೊಡ್ಡದಕ್ಕೆ ಪಿಎಸ್‌ಬಿ ಅನ್ನುವ ಬೇರೆ ಥರದ ಫೈಲ್ ಬೇಕು. ಫ್ಲೆಕ್ಸ್ ಮೆಷಿನ್‌ನವನು ನನ್ನ ಮುಖ ನೋಡಿ, "72 ಸಾಕಿತ್ತಲ್ಲ ಗುರು" ಅಂದ. 8640 × 6912. ರಸ್ತೆಯ ಆಚೆಯಿಂದ ನೋಡುವವರಿಗೆ ಅಷ್ಟೇ ಬೇಕಿರೋದು.

ಅದಕ್ಕೇ ಯಾರದೇ ಪಿಎಸ್‌ಡಿ ಕೈಗೆ ಬಂದರೂ ನಾನು ಮೊದಲು ನೋಡುವುದು ಇಮೇಜ್ ಸೈಜ್. ಕೆಲಸ ಗೊತ್ತಿರುವವನು ಮಾಡಿದ್ದೋ ಅಲ್ಲವೋ ಅಂತ ಅರ್ಧ ಅಲ್ಲೇ ತಿಳಿಯುತ್ತೆ.


ನೀರಿನಮೇಲೆ ಗೆರೆ · ಮಂಗಳವಾರ, ಸಂಜೆ 6:30

ಆ ಹಾರ್ಡ್‌ಡಿಸ್ಕ್‌ನಲ್ಲಿರುವ ಫೈಲ್‌ಗಳು ದುಡ್ಡು ಕೊಟ್ಟು ತಂದದ್ದಾ, ಒಬ್ಬರಿಂದ ಒಬ್ಬರಿಗೆ ಕಾಪಿ ಆಗಿ ಬಂದದ್ದಾ? ಯಾರೂ ಕೇಳುತ್ತಿಲ್ಲವಲ್ಲ.


ಫ್ಲೆಕ್ಸ್ ಬಾಸ್ · ಮಂಗಳವಾರ, ಸಂಜೆ 6:34

ಸ್ಟುಡಿಯೋಗಳಲ್ಲಿ ಎಲ್ಲ ಹೇಗೆ ಬರುತ್ತೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು.


ಮಸಿಕುಡಿಕೆ · ಮಂಗಳವಾರ, ರಾತ್ರಿ 8:10

ಪ್ರಶ್ನೆ ಸರಿಯಾಗಿದೆ, ನಕ್ಕು ತಳ್ಳಬೇಡಿ. ಬಿಚ್ಚಿ ನೋಡಿ ಕಲಿಯೋದು ಒಂದು. ಅದರ ಹೂವು, ಅದರ ಫ್ರೇಮ್ ಕಿತ್ತು ನನ್ನದು ಅಂತ ಮಾರೋದು ಇನ್ನೊಂದು. ಉಚಿತ ಅಂತ ಇರುವ ಫೈಲ್ ಜೊತೆಗೂ ಎಷ್ಟೋ ಸಲ ಲೈಸೆನ್ಸ್ ಅಂತ ಒಂದು ಸಣ್ಣ ಟೆಕ್ಸ್ಟ್ ಫೈಲ್ ಬರುತ್ತೆ. ಅದನ್ನು ಯಾರೂ ತೆರೆಯಲ್ಲ. ಕಲಿಯೋಕೆ ನಾನು ಹೇಳಿದ್ದು ಮತ್ತೆ ಕಟ್ಟಿ ಅಂತ, ಎತ್ತಿಕೊಳ್ಳಿ ಅಂತಲ್ಲ.


ತೆಂಗಿನಗರಿ · ಶುಕ್ರವಾರ, ರಾತ್ರಿ 11:48

ಒಂದು ಶೀಟ್ ಮುಗಿಸಿದೆ. ನಾಲ್ಕು ರಾತ್ರಿ ಹಿಡಿಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ.

ಒಟ್ಟು 64 ಲೇಯರ್. ನೋಟ್‌ಬುಕ್‌ನಲ್ಲಿ ನನ್ನ ಊಹೆ 15. ಎದೆ ಧಸಕ್ ಅಂತು. ಒಂದೊಂದೇ ಆಫ್ ಮಾಡಿ ನೋಡುತ್ತ ಬಂದೆ. 23 ಲೇಯರ್ ಮೊದಲೇ ಆಫ್ ಇದ್ದವು. ಕೆಲವು ಪೇಜ್‌ನ ಹೊರಗೇ ಬಿದ್ದಿವೆ, ಒಂದು ಇಡೀ ಹೂಗುಚ್ಛ ಎಡಗಡೆ ಆಚೆ ಇದೆ, ಯಾರಿಗೂ ಕಾಣಲ್ಲ. ಒಂದು ಬಿಳಿ ಲೇಯರ್ 1 ಪರ್ಸೆಂಟ್ ಅಪಾಸಿಟಿಯಲ್ಲಿ ಇದೆ, ಅದು ಯಾಕೆ ಅಂತ ಇನ್ನೂ ಗೊತ್ತಿಲ್ಲ. ಇದ್ದರೂ ಇಲ್ಲದಿದ್ದರೂ ಒಂದೇ ಅನ್ನುವಂಥವನ್ನೆಲ್ಲ ಕಿತ್ತೆ. 27 ಉಳಿದವು. ಚಿತ್ರ ಒಂದಿಷ್ಟೂ ಬದಲಾಗಲಿಲ್ಲ.

ಆಮೇಲೆ ಕಂಟ್ರೋಲ್ ಮತ್ತು ಸೆಮಿಕೋಲನ್ ಒತ್ತಿದೆ. ಗೈಡ್‌ಗಳು ಕಂಡವು. ಎಂಟು ತಿಂಗಳಲ್ಲಿ ಒಮ್ಮೆಯೂ ಒತ್ತಿರಲಿಲ್ಲ! ಸರಿಯಾಗಿ 18 ಇಂಚಿಗೆ ನಟ್ಟನಡುವೆ ಒಂದು ಗೆರೆ. ಅದರ ಎರಡೂ ಬದಿಗೆ ಅರ್ಧ ಇಂಚು ಬಿಟ್ಟು ಇನ್ನೆರಡು ಗೆರೆ. ಅಷ್ಟು ಜಾಗದಲ್ಲಿ ಬರೀ ಹಿನ್ನೆಲೆ, ಮುಖ ಇಲ್ಲ, ಅಕ್ಷರ ಇಲ್ಲ. ಆಲ್ಬಂ ಮಡಚುವ ಜಾಗ ಅಲ್ವಾ ಅದು. ನಾನು ದೊಡ್ಡ ಫೋಟೋ ಚೆನ್ನಾಗಿರುತ್ತೆ ಅಂತ ಎಳೆದು ಎಳೆದು ಹಾಕುತ್ತಿದ್ದೆ. ಎಷ್ಟು ಮದುಮಕ್ಕಳ ಮೂಗಿನ ಮೇಲೆ ಮಡಿಕೆ ತಂದಿದ್ದೇನೋ ದೇವರಿಗೇ ಗೊತ್ತು.

ಇನ್ನೊಂದು ವಿಷಯ ನೋಡಿದಾಗ ಎದ್ದು ಮನೆಯೊಳಗೆ ಎರಡು ಸುತ್ತು ಹಾಕಿದೆ. ಹೆಸರಿನ ಅಕ್ಷರದ ಬಣ್ಣ ಒಂಥರ ಕುಂಕುಮದ ಕೆಂಪು. ಮೂಲೆಯ ಚಿತ್ತಾರದ ಬಣ್ಣ ಮಾಸಿದ ಚಿನ್ನ. ಸುಮ್ನೆ ಬಣ್ಣ ಅಳೆಯುವ ಐಡ್ರಾಪರ್ ತೆಗೆದುಕೊಂಡು ಅದರಲ್ಲಿದ್ದ ಮೂಲ ಫೋಟೋದ ಹುಡುಗಿಯ ಸೀರೆ ಮೇಲೆ ಇಟ್ಟೆ. ಸೀರೆಯ ಒಡಲು, ಹೆಸರಿನ ಕೆಂಪು ಎರಡೂ ಒಂದೇ! ಚಿತ್ತಾರದ ಚಿನ್ನ ಸೀರೆಯ ಜರಿ ಅಂಚಿನಿಂದ ತೆಗೆದದ್ದು. ಹಿನ್ನೆಲೆಯ ಕೆನೆ ಬಣ್ಣ ಹುಡುಗನ ಪಂಚೆಯದು. ಇಡೀ ಶೀಟ್ ಆ ಒಂದು ಫೋಟೋದಿಂದ ಹುಟ್ಟಿದೆ. ನಾನು ಆ ಫೋಟೋ ಕಿತ್ತು ಗಿಣಿಹಸಿರು ಸೀರೆಯ ಹುಡುಗಿಯನ್ನು ಕೂರಿಸುತ್ತಿದ್ದೆ, ಕೆಂಪು ಹಾಗೇ ಬಿಡುತ್ತಿದ್ದೆ. ನಮ್ಮ ಆಲ್ಬಂ ಯಾಕೆ ಅವರ ಸ್ಯಾಂಪಲ್ ಥರ ಕಾಣಲ್ಲ, ನಮ್ಮ ಕ್ಯಾಮೆರಾ ಸರಿ ಇಲ್ಲವೇನೋ ಅಂತ ಓನರ್ ಹತ್ತಿರ ಎರಡು ಸಲ ಕೇಳಿದ್ದೆ.

ಮತ್ತೆ ಕಟ್ಟಲು ಕೂತಾಗ ಅರ್ಧ ಬಂತು. ನೆರಳು ಮಾತ್ರ ಬರಲಿಲ್ಲ, ಇದ್ದಿಲು ಬಳಿದ ಹಾಗಾಯಿತು. ತೆರೆದು ನೋಡಿದರೆ ಅವರ ನೆರಳು ಕಪ್ಪೇ ಅಲ್ಲ, ಗಾಢ ಕಂದು. ಕನ್ನಡದಲ್ಲಿ ಹೆಸರು ಹಾಕಿದರೆ ಅದೂ ಏನೋ ಹಳ್ಳಿ ನಾಟಕದ ಹ್ಯಾಂಡ್‌ಬಿಲ್ ಥರ ಕಂಡಿತು. ಇಂಗ್ಲಿಷ್‌ನಲ್ಲಿ ಅಷ್ಟು ಚೆನ್ನಾಗಿತ್ತು.


ಅರ್ಕಾವತ್ತು · ಶನಿವಾರ, ಬೆಳಿಗ್ಗೆ 9:20

ಸೀರೆಯ ಕಥೆ ಓದಿ ಖುಷಿಯಾಯಿತು. ಹ್ಯಾಂಡ್‌ಬಿಲ್ ಅಂದದ್ದಕ್ಕೆ ಸ್ವಲ್ಪ ಕೋಪ ಬಂತು, ನಾಟಕದ ಹ್ಯಾಂಡ್‌ಬಿಲ್‌ಗಳಲ್ಲಿ ಎಂಥ ಅಕ್ಷರಗಳಿವೆ ಗೊತ್ತಾ? ಇರಲಿ.

ತಪ್ಪು ಕನ್ನಡದ್ದಲ್ಲ. ಆ ಟೆಂಪ್ಲೇಟ್ ಇಂಗ್ಲಿಷ್ ಅಕ್ಷರಕ್ಕೆ ಹೊಲಿದ ಅಂಗಿ. ಕ್ಯಾರೆಕ್ಟರ್ ಪ್ಯಾನೆಲ್ ತೆರೆದು ನೋಡಿ. ಲೀಡಿಂಗ್ (ಸಾಲು ಸಾಲಿನ ನಡುವಿನ ದೂರ) ಆಟೋ ಇರುತ್ತೆ, ಅಂದರೆ ಅಕ್ಷರದ ಅಳತೆಯ 120 ಪರ್ಸೆಂಟ್. ಎಲ್ಲ ದೊಡ್ಡಕ್ಷರದಲ್ಲೇ ಬರೆದ ಇಂಗ್ಲಿಷ್ ಹೆಸರಿಗೆ ಕೆಳಗೆ ಏನೂ ಇಳಿಯಲ್ಲ, ಆದ್ದರಿಂದ ಅದು ಸಾಕು. ನೀವು "ಲಕ್ಷ್ಮೀ" ಅಂತ ಬರೆದಿರಿ. ಕೆಳಗೆ ಎರಡು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಮುಂದಿನ ಸಾಲಿನ ತಲೆಗೆ ಒತ್ತು ಗುದ್ದುತ್ತೆ. ನಾನು 145, 150 ತನಕ ಬಿಡುತ್ತೇನೆ.

ಟ್ರ್ಯಾಕಿಂಗ್ 200 ಇದ್ದರೆ ಸೊನ್ನೆ ಮಾಡಿ. ಅಕ್ಷರ ಅಕ್ಷರದ ನಡುವೆ ದೂರ ಬಿಡೋದು ಇಂಗ್ಲಿಷ್ ದೊಡ್ಡಕ್ಷರಕ್ಕೆ ಒಪ್ಪುತ್ತೆ. ಅದನ್ನೇ ಹಳೇ ನುಡಿ, ಶ್ರೀಲಿಪಿ ಥರದ ಫಾಂಟ್‌ಗೆ ಮಾಡಿದರೆ ತಲಕಟ್ಟು ಒಂದು ಕಡೆ, ಅಕ್ಷರ ಒಂದು ಕಡೆ. ಯಾಕಂದರೆ ಆ ಫಾಂಟ್‌ಗಳಲ್ಲಿ ಕ ಅನ್ನೋದು ಒಂದು ಅಕ್ಷರವಲ್ಲ, ಎರಡು ತುಂಡು. ನುಡಿಯಲ್ಲಾದರೆ ಕಂಪ್ಯೂಟರ್ ಲೆಕ್ಕದಲ್ಲಿ ಇಂಗ್ಲಿಷ್‌ನ ಪಿ ಒಂದು, ತಲೆ ಮೇಲೆ ಗೀಟು ಇರುವ ಎ ಇನ್ನೊಂದು. ಬೇರೆ ಅಂಗಡಿಯ ಪಿಎಸ್‌ಡಿ ತೆರೆದಾಗ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಯಾವುದೋ ಫ್ರೆಂಚ್ ಜಗಳ ಕಾಣುತ್ತಲ್ಲ, ಅದು ಇದೇ.

ಯೂನಿಕೋಡ್ ಫಾಂಟ್‌ಗೆ ಬನ್ನಿ, ಅಲ್ಲಿ ಕ ಅಂದರೆ ಕ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ಬೆಣ್ಣೆ, ಹುಬ್ಬಳ್ಳಿ, ಎಲ್ಲ ಉಚಿತ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಮುರಿದು ಪಕ್ಕದಲ್ಲಿ ಕೂತರೆ ಟೈಪ್ ಮೆನುವಿನ ಲ್ಯಾಂಗ್ವೇಜ್ ಆಪ್ಷನ್ಸ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ.

ಇನ್ನೊಂದು. ಇಂಗ್ಲಿಷ್‌ನವರಿಗೆ ದೊಡ್ಡಕ್ಷರ ಸಣ್ಣಕ್ಷರ ಅಂತ ಎರಡು ದನಿ ಇದೆ. ನಮಗೆ ಇಲ್ಲ. ಹಾಗಾಗಿ ಜೋರಾಗಿ ಹೇಳಬೇಕಾದ್ದನ್ನು ದಪ್ಪದಿಂದ, ಅಳತೆಯಿಂದ, ಸುತ್ತಲಿನ ಖಾಲಿ ಜಾಗದಿಂದ ಹೇಳಬೇಕು. ಅನೇಕ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ ಸಾಕಷ್ಟು ಮೆಟ್ಟಿಲಿದೆ, ಆಟವಾಡಿ.


ದಿಢೀರ್ ದೋಸೆ · ಶನಿವಾರ, ಮಧ್ಯಾಹ್ನ 12:40

ಸರಿ, ಸೋತೆ. ಆದರೂ ಒಂದು ಮಾತು. ನಾನು ಆಪ್‌ಗಳಿಗೆ ಸ್ಕ್ರೀನ್ ಡಿಸೈನ್ ಮಾಡುತ್ತೇನೆ. ಲೇಯರ್ ಜೋಡಿಸಿದ ಕ್ರಮವೇ ಯೋಚಿಸಿದ ಕ್ರಮ ಅಂದುಕೊಂಡರೆ ಮೋಸ ಹೋಗುತ್ತೀರಿ. ತಳದ ಹಿನ್ನೆಲೆಯನ್ನು ಎಷ್ಟೋ ಸಲ ಕೊನೆಯಲ್ಲಿ ಹಾಕಿರುತ್ತೇವೆ. ಫೈಲ್‌ನಲ್ಲಿ ಉಳಿದದ್ದು ಗೆದ್ದ ಉಪಾಯ, ಸೋತ ಹತ್ತು ಉಪಾಯ ಡಿಲೀಟ್ ಆಗಿರುತ್ತೆ. ಗಿರಾಕಿ ಹೇಳಿದ್ದಕ್ಕೆ ಮನಸ್ಸಿಲ್ಲದೆ ಮಾಡಿದ್ದು ಯಾವುದು ಅಂತ ಯಾವ ಲೇಯರ್‌ನಲ್ಲೂ ಬರೆದಿರಲ್ಲ.


ಮಸಿಕುಡಿಕೆ · ಶನಿವಾರ, ಮಧ್ಯಾಹ್ನ 1:15

ಒಪ್ಪಿದೆ. ಅದಕ್ಕೇ ಆ 23 ಆಫ್ ಲೇಯರ್‌ಗಳನ್ನು ಅಷ್ಟು ಬೇಗ ಕಿತ್ತುಹಾಕಿದ್ದು ನೋಡಿ ನನಗೆ ಅಯ್ಯೋ ಅನಿಸಿತು. ಸೋತ ಉಪಾಯ ಏನಾದರೂ ಉಳಿದಿದ್ದರೆ ಅಲ್ಲೇ ಇರೋದು. ಆನ್ ಮಾಡಿ ನೋಡಿದಿರಾ?

ಇನ್ನೊಂದು ಚಿಂತೆ. ಆಲ್ಬಂ ಪಿಎಸ್‌ಡಿಗಳಲ್ಲೇ ಮುಳುಗಿದರೆ ರುಚಿಯೂ ಅದೇ ಆಗುತ್ತೆ. ಗುಲಾಬಿ, ಪಾರಿವಾಳ, ಹೃದಯ. ಆದ್ದರಿಂದ ವಾರಕ್ಕೊಮ್ಮೆ ಉಲ್ಟಾ ಕೆಲಸ ಮಾಡಿ. ಮನೆಯಲ್ಲಿ ಖಾಲಿಯಾದ ಊದಿನಕಡ್ಡಿ ಡಬ್ಬ, ಬೆಂಕಿಪೊಟ್ಟಣ, ತರಕಾರಿ ಬೀಜದ ಪ್ಯಾಕೆಟ್, ಏನಾದರೂ ಒಂದು. ಅದಕ್ಕೆ ಪಿಎಸ್‌ಡಿ ಇಲ್ಲ. ಲೇಯರ್‌ಗಳನ್ನು ನೀವೇ ಊಹಿಸಿ ಕಟ್ಟಬೇಕು.


ತೆಂಗಿನಗರಿ · ಶನಿವಾರ, ರಾತ್ರಿ 10:05

ಆನ್ ಮಾಡಿ ನೋಡಿದೆ ಮೇಡಂ, ಕಾಪಿ ಇತ್ತು. ಅದೇ ಹೆಸರಿಗೆ ಐದು ಬೇರೆ ಬೇರೆ ಫಾಂಟ್. ಐದನೆಯದನ್ನೇ ಇಟ್ಟುಕೊಂಡಿದ್ದಾರೆ. ನನಗೆ ಮೂರನೆಯದು ಚೆನ್ನಾಗಿದೆ ಅನಿಸಿತು.


ತೆಂಗಿನಗರಿ · ಮೂರು ವಾರದ ನಂತರ, ಭಾನುವಾರ, ಸಂಜೆ 5:30

ನಾಮಕರಣದ ಕಾರ್ಡ್ ಮತ್ತೆ ಮಾಡಿದೆ. ಕಾರ್ಯಕ್ರಮ ಮುಗಿದೇ ಹೋಗಿದೆ, ಅಕ್ಕನಿಗೆ ನೆನಪಿಗೆ ಇರಲಿ ಅಂತ. ಖಾಲಿ ಪೇಜ್‌ನಿಂದ, ಒಟ್ಟು 11 ಲೇಯರ್.

ಮಗುವನ್ನು ಮಲಗಿಸಿದ್ದ ಅಜ್ಜಿಯ ಹಳೇ ಕೌದಿಯ ಫೋಟೋ ತೆಗೆದಿದ್ದೆ. ಬಣ್ಣಗಳೆಲ್ಲ ಅದರಿಂದಲೇ. ಬಟ್ಟೆಯ ತುಂಡಿನ ನೀಲಿ ಹೆಸರಿಗೆ, ಹೊಲಿಗೆ ದಾರದ ಕೆಂಪು ದಿನಾಂಕಕ್ಕೆ. ಹೊಲಿಗೆಯ ಸಾಲನ್ನು ಮಲ್ಟಿಪ್ಲೈ ಮಾಡಿ ಅಂಚಿಗೆ ಇಟ್ಟಿದ್ದೇನೆ. ಹೆಸರು ಬಲೂ ತಮ್ಮ, ಉಳಿದದ್ದು ಅನೇಕ್. ನೆರಳು ಕಪ್ಪಲ್ಲ! ಚಿತ್ರ ಹಾಕಿದ್ದೇನೆ, ಮುಲಾಜಿಲ್ಲದೆ ಹೇಳಿ.


ಅರ್ಕಾವತ್ತು · ಭಾನುವಾರ, ಸಂಜೆ 6:02

ಎರಡನೇ ಸಾಲಿನ "ಸ್ತ್ರ"ದ ಒತ್ತು ಇನ್ನೂ ಕೆಳಗಿನ ಸಾಲಿಗೆ ತಾಗುತ್ತಿದೆ. ಆ ಕೆಳಗಿನ ಸಾಲನ್ನು ಒಂದು ನಾಲ್ಕು ಪಾಯಿಂಟ್ ಇಳಿಸಿ. ಉಳಿದದ್ದಕ್ಕೆ ನನ್ನ ತಕರಾರಿಲ್ಲ. ಹ್ಯಾಂಡ್‌ಬಿಲ್ ಮಾತು ಮಾಫಿ.


ಬೆಟಗೇರಿ ಕಾಕಾ · ಭಾನುವಾರ, ರಾತ್ರಿ 8:40

ಕೌದಿ ಛಲೋ ಬಂದಿದೆ. ನಾಲ್ಕೂ ಬದಿಗೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಲು ಹೆಚ್ಚಿನ ಅಂಚು, ಬಿಟ್ಟಿಲ್ಲ ನೀನು. ಹೊಲಿಗೆಯ ಅಂಚು ಅಷ್ಟು ಹತ್ತಿರ ಇಟ್ಟು ಕಟಿಂಗ್ ಮೆಷಿನ್‌ಗೆ ಕೊಟ್ಟರೆ ಒಂದು ಕಡೆ ದಾರ ಇರುತ್ತದೆ, ಒಂದು ಕಡೆ ಇರುವುದಿಲ್ಲ. ಅಕ್ಷರ ಕೆ 100 ಇದೆಯೋ?


ತೆಂಗಿನಗರಿ · ಭಾನುವಾರ, ರಾತ್ರಿ 9:15

ವಿಳಾಸದ ಸಣ್ಣ ಅಕ್ಷರವೆಲ್ಲ ಕೆ 100 ಕಾಕಾ, ಉಳಿದ ಮೂರೂ ಸೊನ್ನೆ. ಬ್ಲೀಡ್ ಮರೆತೆ, ನಾಳೆ ಸರಿ ಮಾಡುತ್ತೇನೆ.

ಹೇಳಲು ಮರೆತೆ. ನಿನ್ನೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಓನರ್ ನನ್ನ ಕೌದಿ ಫೈಲ್ ತೆಗೆದು ಬೇರೆ ಯಾರದೋ ಮಗುವಿನ ಫೋಟೋ ಕೂರಿಸುತ್ತಿದ್ದರು. ಗಿರಾಕಿ ಅಂಗಡಿಯಲ್ಲೇ ಕಾಯುತ್ತಿದ್ದರು. ಮಗುವಿಗೆ ಹಳದಿ ಅಂಗಿ, ಅಕ್ಷರ ನೀಲಿಯೇ ಉಳಿದಿತ್ತು. ಸರ್, ಒಂದು ನಿಮಿಷ ಅಂತ ಮೌಸ್ ಈಸಿಕೊಂಡೆ.